ಪೆರು ಕಡಲು, ನಮ್ಮೂರ ಗಾಯರಾಣ

ನಮ್ಮ ಮನೆಯ ಅಲಮಾರಿಯ ಮೇಲೆ ಒಂದು ಭೂಗೋಳವಿದೆ. ಶಾಲೆಯಲ್ಲಿ ಮೇಜಿನ ಮೇಲಿಟ್ಟು ಗರಗರ ತಿರುಗಿಸುತ್ತಾರಲ್ಲ, ಅಂಥದ್ದು. ಹಿರೇಕೆರೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಶಾಲೆಗೆ ಹೊಸದು ಬಂದಾಗ ಹಳೆಯದನ್ನು ಗುಜರಿಗೆ ಹಾಕುವವರಿದ್ದರು. ಜೀವ ತಡೆಯದೆ ಮನೆಗೆ ತಂದುಕೊಂಡೆ. ಅದರ ಕಾಲು ಮುರಿದಿದೆ, ಆಫ್ರಿಕಾದ ಹೊಟ್ಟೆ ಒಳಕ್ಕೆ ಹೋಗಿದೆ. ಮೊನ್ನೆ ಧೂಳು ಒರೆಸಲೆಂದು ಕೆಳಗಿಳಿಸಿದಾಗ ಇನ್ನೊಂದು ಊನ ಕಣ್ಣಿಗೆ ಬಿತ್ತು. ದಕ್ಷಿಣ ಅಮೆರಿಕದ ಎಡಕ್ಕೆ, ಪೆರು ದೇಶದ ಪಕ್ಕದಲ್ಲಿ, ಸಮುದ್ರದ ನೀಲಿ ಬಣ್ಣ ಪೂರ್ತಿ ಸವೆದು ಒಳಗಿನ ರಟ್ಟು ಕಾಣುತ್ತಿದೆ. ಯಾರ ಕೆಲಸ ಎಂದು ಕೇಳಬೇಡಿ, ನನ್ನದೇ. ಹಿರೇಕೆರೂರಿನಲ್ಲಿ ಇದ್ದಷ್ಟು ವರ್ಷ ಅದೇ ಜಾಗವನ್ನು ತೋರುಬೆರಳಿನಿಂದ ಕುಟ್ಟಿ ಕುಟ್ಟಿ, "ಇಲ್ಲಿ ನೋಡ್ರಿ, ಇಲ್ಲಿ ನೀರು ಬಿಸಿ ಆತಂದ್ರ ನಮ್ಮ ಕಡೆ ಹುಲ್ಲು ಒಣಗತೈತಿ" ಎಂದು ಮಕ್ಕಳಿಗೆ ಹೇಳಿದ್ದೇನೆ. ಒಂದು ಸಮುದ್ರವನ್ನೇ ಅಳಿಸಿದ ಹೆಂಗಸು ನಾನು. ಪ್ರತಿಯಾಗಿ ಆ ಸಮುದ್ರ ನನಗೆ ಕೊಟ್ಟದ್ದು ಬರೀ ತಲೆನೋವು.

ನಾನು ಭೂಗೋಳ ಕಲಿಸಿದವಳು. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕಾರು ಎನ್ನುತ್ತಾರೆ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಎಂದು ಬದಲಿ ಆಗಿ ಆಗಿ, ಕೊನೆಗೆ ಸವಣೂರಿನಲ್ಲಿ ನಿವೃತ್ತಳಾಗಿ ಇಲ್ಲೇ ಉಳಿದಿದ್ದೇನೆ. ನಿವೃತ್ತಿಯಾದ ಮೇಲೆ ಜನ ಗಣಿತದ ಅಕ್ಕಾರಿಗೆ ಲೆಕ್ಕ ಕೇಳುವುದಿಲ್ಲ, ಹಿಂದಿ ಅಕ್ಕಾರಿಗೆ ಹಿಂದಿ ಕೇಳುವುದಿಲ್ಲ. ನನಗೆ ಮಾತ್ರ ಸಂತೆಯಲ್ಲಿ, ಔಷಧಿ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಾಯಿಗಿಡುವಷ್ಟರಲ್ಲಿ ಪ್ರಶ್ನೆ ಬರುತ್ತದೆ: "ಅಕ್ಕಾರ, ಸಮುದ್ರ ಏನಂತೈತ್ರಿ ಈ ಸಲ?" ಸಮುದ್ರ ನನ್ನ ಸೋದರಮಾವ, ದಿನಾ ಬೆಳಗ್ಗೆ ಫೋನು ಮಾಡುತ್ತಾನೆ ಎಂದು ತಿಳಿದಿದ್ದಾರೋ ಏನೋ.

ತಪ್ಪು ನನ್ನದೇ. ಒಂದು ದಿನ ಹಾನಗಲ್ಲದಿಂದ ಸವಣೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಮಳೆ ಯಾಕೆ ಬರುತ್ತಿಲ್ಲ ಎಂದು ಮಾತು ಎದ್ದಿತು. ಮುಂದಿನ ಸೀಟಿನವರೊಬ್ಬರು ಮೊಬೈಲ್ ಟವರಿನ ಶಾಖಕ್ಕೆ ಮೋಡ ಸುಟ್ಟುಹೋಗುತ್ತದೆ ಎಂದರು. ಹಿಂದಿನವರು ಜನ ಚಪ್ಪಲಿ ಹಾಕಿಕೊಂಡೇ ಹೊಲಕ್ಕೆ ಹೋಗುತ್ತಾರೆ, ಅದಕ್ಕೇ ಎಂದರು. ನಾನು ಸುಮ್ಮನೆ ಕಿಟಕಿ ನೋಡುತ್ತ ಕೂರಬಹುದಿತ್ತು. ಕೂರಲಿಲ್ಲ. ಎದ್ದು ನಿಂತು, ಕಂಬಿ ಹಿಡಿದುಕೊಂಡು, ಇಡೀ ಬಸ್ಸಿಗೆ ಪಾಠ ಮಾಡಿದೆ. ಪೆಸಿಫಿಕ್ ಮಹಾಸಾಗರದಲ್ಲಿ ಗಾಳಿ ಬಿಸಿನೀರನ್ನು ನಮ್ಮ ಏಷ್ಯಾದ ಕಡೆಗೆ ದೂಡಿ ದೂಡಿ ಇಡುತ್ತದೆ. ಕೆಲವು ವರ್ಷಕ್ಕೊಮ್ಮೆ ಆ ಗಾಳಿ ಸೋಮಾರಿಯಾಗುತ್ತದೆ. ಆಗ ಬಿಸಿನೀರು ವಾಪಸು ಪೆರುವಿನ ಕಡೆಗೆ ಹರಡಿಕೊಳ್ಳುತ್ತದೆ, ಅದರ ಹಿಂದೆಯೇ ಮೋಡವೂ ಹೋಗುತ್ತದೆ, ನಮ್ಮ ಮುಂಗಾರು ಬಡವಾಗುತ್ತದೆ. ಅದಕ್ಕೆ ಎಲ್ ನಿನೋ ಎನ್ನುತ್ತಾರೆ. ಮುಂದೆ ಒಂದೆರಡು ವರ್ಷದಲ್ಲಿ ಆ ನೀರು ತಣ್ಣಗಾದರೆ ನಮ್ಮಲ್ಲಿ ಸಾಮಾನ್ಯವಾಗಿ ಮಳೆ ಚೆನ್ನಾಗಿ ಆಗುತ್ತದೆ. ಇಷ್ಟು ಹೇಳಿ ಹೆಮ್ಮೆಯಿಂದ ಸುತ್ತ ನೋಡಿದೆ. ಕಂಡಕ್ಟರ್ ಟಿಕೀಟಿನ ಯಂತ್ರವನ್ನು ಎದೆಗೆ ಒತ್ತಿಕೊಂಡು ಗಂಭೀರವಾಗಿ ಕೇಳಿದರು: "ಅಲ್ರಿ ಅಕ್ಕಾರ, ಪೆರುದಾಗ ನೀರು ಬಿಸಿ ಆದ್ರ ಬಂಕಾಪುರದಾಗ ಮಳಿ ಯಾಕ ನಿಲ್ತೈತ್ರಿ? ನಡುವ ಎಷ್ಟು ಸ್ಟಾಪ್ ಅದಾವು?"

ಬಸ್ಸು ನಕ್ಕಿತು. ಅಂದಿನಿಂದ ಆ ದಾರಿಯ ಯಾವ ಬಸ್ಸು ಹತ್ತಿದರೂ ನನಗೆ ಜಾಗ ಸಿಗುತ್ತದೆ, ನೆಮ್ಮದಿ ಸಿಗುವುದಿಲ್ಲ.

ಅದೂ ಹೋಗಲಿ ಎನ್ನಿ. ಈ ವಿದ್ಯೆ ನೆಟ್ಟಗಾದರೂ ಇದೆಯೇ? ಪೆಸಿಫಿಕ್ಕಿನ ಕಥೆ ಹೇಳಿ ಉಸಿರು ಬಿಡುವಷ್ಟರಲ್ಲಿ ನಮ್ಮದೇ ಹಿಂದೂ ಮಹಾಸಾಗರ ನಡುವೆ ಬಾಯಿ ಹಾಕುತ್ತದೆ. ಅದಕ್ಕೂ ಅದರದೇ ತೂಗಾಟ. ಆಫ್ರಿಕಾದ ಬದಿಗೆ ಬಿಸಿ, ಸುಮಾತ್ರಾದ ಬದಿಗೆ ತಂಪು ಆದರೆ ನಮಗೆ ಲಾಭ. ತಿರುಗಾ ಮುರುಗಾ ಆದರೆ ನಷ್ಟ. ಒಂದೊಂದು ವರ್ಷ ಪೆಸಿಫಿಕ್ ಮಳೆಯನ್ನು ಆ ಕಡೆ ಎಳೆದರೆ ಇದು ಈ ಕಡೆ ಎಳೆಯುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂದು ಗಾದೆ ಮಾಡಿದವರು ಇದನ್ನು ನೋಡಿಯೇ ಮಾಡಿರಬೇಕು. ನಡುವೆ ನೇಗಿಲಿನಂತೆ ಸಿಕ್ಕಿಕೊಂಡವಳು ನಾನು. ಹೇಳಿದ್ದು ಆಗದಿದ್ದರೆ ಜನ ಸಮುದ್ರವನ್ನು ಬೈಯುವುದಿಲ್ಲ, ನನ್ನನ್ನು ನೋಡಿ ನಗುತ್ತಾರೆ.

ಇಷ್ಟಕ್ಕೂ ನಾನು ಸಮುದ್ರ ನೋಡಿದ್ದು ಎರಡೇ ಸಲ. ಎರಡೂ ಸಲ ಕಾರವಾರದಲ್ಲಿ. ಮೊದಲ ಸಲ ಘಟ್ಟ ಇಳಿಯುವಾಗ ಬಸ್ಸಿನ ತಿರುವುಗಳಿಗೆ ಹೊಟ್ಟೆ ತೊಳಸಿ, ದಂಡೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಎರಡನೆಯ ಸಲ ಶಾಲೆಯ ಪ್ರವಾಸ, ಎಪ್ಪತ್ತು ಹುಡುಗಿಯರ ತಲೆ ಎಣಿಸುವುದರಲ್ಲೇ ಹೊತ್ತು ಹೋಯಿತು. ಒಂದು ನಿಮಿಷ ಬಿಡುವು ಮಾಡಿಕೊಂಡು ನೀರಲ್ಲಿ ಕಾಲಿಟ್ಟೆ. ಉಗುರುಬೆಚ್ಚಗಿತ್ತು. ಇಷ್ಟೇನಾ ಎನ್ನಿಸಿತು. ಇದಕ್ಕೆ ನನ್ನ ಅರ್ಧ ಆಯುಷ್ಯ ಕೊಟ್ಟೆನಲ್ಲ ಎಂದು ಸಿಟ್ಟೂ ಬಂತು.

ಸವಣೂರಿನ ನಮ್ಮ ಪಕ್ಕದ ಮನೆಯವರು ಖಾದರಸಾಬರು, ಎಲೆಬಳ್ಳಿಯ ತೋಟದವರು. ಬೆಳಗ್ಗೆ ಹಾಲಿಗೆ ಹೊರಟರೆ ಕಾಂಪೌಂಡಿನ ಆ ಬದಿಯಿಂದ ಅವರ ಟೋಪಿ ಕಾಣುತ್ತದೆ.

"ಅಕ್ಕಾರ, ಬಿಸಿಯೋ ತಂಪೋ?"

"ಬಿಸಿ ಅಂತ್ರಿ."

"ಎಷ್ಟು ಬಿಸಿರಿ?"

"ಅರ್ಧ ಡಿಗ್ರಿ, ಒಂದು ಡಿಗ್ರಿ ಹೆಚ್ಚಾದ್ರ ಸಾಕ್ರಿ, ಗಾಳಿ ಎಲ್ಲಾ ತಿರುಗಿ ಬಿಡತೈತಿ."

"ಅರ್ಧ ಡಿಗ್ರಿಗೆ ಇಷ್ಟು ಗದ್ದಲ ಏನ್ರಿ? ಹ್ವಾದ ವಾರ ನಮ್ಮ ಮೊಮ್ಮಗಗ ಮೂರು ಡಿಗ್ರಿ ಜ್ವರ ಏರಿತ್ತು. ಓಣ್ಯಾಗ ಯಾರಿಗೂ ಏನೂ ಆಗಲಿಲ್ಲ."

ಇಂಥವರಿಗೆ ಏನು ಹೇಳುತ್ತೀರಿ? ಹಾಲು ತಂದು, ಒಲೆಯ ಮೇಲಿಟ್ಟು, ಅದು ಉಕ್ಕುವವರೆಗೆ ಗೋಡೆಯ ಜೊತೆ ವಾದ ಮಾಡುತ್ತೇನೆ.

ಆದರೆ ನಾನು ಹೇಳಹೊರಟದ್ದು ಹುಲ್ಲಿನ ವಿಷಯ. ಮಳೆ ಎಂದರೆ ಎಲ್ಲರಿಗೂ ಮೆಕ್ಕೆಜೋಳ, ಹತ್ತಿ ಇಷ್ಟೇ ನೆನಪು. ನನಗೆ ನೆನಪಾಗುವುದು ಗಾಯರಾಣ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಊರ ದನಕರು ಮೇಯಲೆಂದು ಹಿಂದಿನವರು ಬಿಟ್ಟ ಸರಕಾರಿ ಬಯಲಿಗೆ ನಮ್ಮಲ್ಲಿ ಗಾಯರಾಣ ಎನ್ನುತ್ತಾರೆ. ನನ್ನ ತವರೂರು ದುಂಡಸಿಯಿಂದ ಮುಂದೆ ಇದೆ. ಹೆಸರು ಹೇಳುವುದಿಲ್ಲ, ಯಾಕೆಂದು ಆಮೇಲೆ ನಿಮಗೇ ಗೊತ್ತಾಗುತ್ತದೆ. ಊರ ತೆಂಕಲಿಗೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ನೆಲದ ಒಂದು ಏರು, ಅದೇ ಗಾಯರಾಣ. ಒಂದು ಮರವಿಲ್ಲ, ಒಂದು ಬಾವಿಯಿಲ್ಲ. ಹಾನಗಲ್ಲಿನ ಕಡೆಯಿಂದ ಬಂದ ಬೀಗರು ಅದನ್ನು ನೋಡಿ, "ಇದೇನು ಬೋಳಗುಡ್ಡ ಇಟಗೊಂಡೀರಿ" ಎಂದು ನಗುತ್ತಿದ್ದರು. ಅವರ ಕಡೆ ಕೊಡೆ ಬಿಚ್ಚಿಕೊಂಡು ಬಸ್ಸು ಹತ್ತಿದರೆ ನಮ್ಮ ಕಡೆ ಇಳಿಯುವಾಗ ಧೂಳು. ಅವರಿಗೆ ಹುಲ್ಲೆಂದರೆ ಗದ್ದೆಯ ಬದುವಿನ ಮೇಲೆ ಬೇಡವೆಂದರೂ ಬರುವ ವಸ್ತು. ನಮಗೆ ಹಾಗಲ್ಲ.

ಆ ಗಾಯರಾಣದಲ್ಲಿ ಬೆಳೆಯುತ್ತಿದ್ದುದು ಹಂಚಿಕಡ್ಡಿ. ನಿಮ್ಮ ಮನೆಯ ಕಸಬರಿಗೆ ಅದರದೇ ಇರಬಹುದು, ಒಮ್ಮೆ ನೋಡಿ. ನನಗೆ ಏಳೆಂಟು ವರ್ಷವಿದ್ದಾಗ ದೀಪಾವಳಿ ಮುಗಿದ ಮೇಲೆ ಅಲ್ಲಿಗೆ ಹೋಗುವುದೇ ಒಂದು ಹಬ್ಬ. ನನ್ನ ಗೆಳತಿ ಫಕ್ಕೀರವ್ವನ ಅವ್ವ ಕುಡುಗೋಲು ಹಿಡಿದು ಮುಂದೆ ಹೋಗುತ್ತಿದ್ದಳು, ನಾವಿಬ್ಬರೂ ಪರಕಾರ, ಅಂದರೆ ಉದ್ದ ಲಂಗ, ಎತ್ತಿ ಹಿಡಿದು ಹಿಂದೆ. ಹುಲ್ಲು ನಮ್ಮ ಎದೆಮಟ್ಟ. ನಡುವೆ ಕುಳಿತರೆ ಊರು ಕಾಣುತ್ತಿರಲಿಲ್ಲ. ಅಲ್ಲಿ ಇನ್ನೊಂದು ಜಾತಿಯ ಹುಲ್ಲಿತ್ತು, ಅದರ ಬೀಜಕ್ಕೆ ಸೂಜಿಯಂಥ ಮೂತಿ, ಹಿಂದೆ ತಿರುಚಿದ ಬಾಲ. ಅಂಗೈಯ ಮೇಲಿಟ್ಟು ಉಗುಳು ಹಚ್ಚಿದರೆ ಅದು ತಾನಾಗಿಯೇ ಗಿರಕಿ ಹೊಡೆಯುತ್ತಿತ್ತು. ಯಾರ ಬೀಜ ಹೆಚ್ಚು ಸುತ್ತು ಹಾಕುತ್ತದೆ ಎಂದು ನಾವು ಪಂದ್ಯ ಕಟ್ಟುತ್ತಿದ್ದೆವು. ಮಳೆಯ ಹನಿ ಬಿದ್ದರೆ ಹೀಗೇ ತಿರುಗಿ ತಿರುಗಿ ಅದು ನೆಲದೊಳಗೆ ಇಳಿಯುತ್ತದೆ, ಅಲ್ಲೇ ಕಾದು ಕುಳಿತುಕೊಳ್ಳುತ್ತದೆ ಎಂದು ನಾನು ಓದಿದ್ದು ಬಹಳ ವರ್ಷದ ಮೇಲೆ. ಆಗ ಅದು ಇಳಿಯುತ್ತಿದ್ದುದು ನನ್ನ ಪರಕಾರದೊಳಗೆ. ಮನೆಗೆ ಬಂದರೆ ನನ್ನವ್ವ ಕಟ್ಟೆಯ ಮೇಲೆ ಕೂರಿಸಿ, ಒಂದೊಂದೇ ಬೀಜ ಕಿತ್ತು, ಕಿತ್ತಷ್ಟು ಸಲ ಬೆನ್ನಿಗೆ ಒಂದು ಗುದ್ದು ಹಾಕುತ್ತಿದ್ದಳು.

ಫಕ್ಕೀರವ್ವ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಳು. ಆಮೇಲೆ ಕಲಿತ ಅಕ್ಷರವೂ ಮರೆತುಹೋಯಿತು. ಅವ್ವನ ಕುಡುಗೋಲು ಅವಳ ಕೈಗೆ ಬಂತು. ಈಗಲೂ ವರ್ಷಕ್ಕೆ ಎರಡು ತಿಂಗಳು ಹಂಚಿಕಡ್ಡಿ ಕೊಯ್ದು, ಕಲ್ಲಿಗೆ ಬಡಿದು ತೆನೆಯ ಸುಂಕು ಉದುರಿಸಿ, ಕಸಬರಿಗೆ ಕಟ್ಟುತ್ತಾಳೆ. ಉಳಿದ ಹತ್ತು ತಿಂಗಳು ಅದನ್ನೇ ಸವಣೂರು, ಹಿರೇಕೆರೂರಿನ ಸಂತೆಗಳಲ್ಲಿ ಮಾರಿ ಬಾಳುತ್ತಾಳೆ. ಸವಣೂರಿನ ಸಂತೆಯ ದಿನ ನಮ್ಮ ಮನೆಗೆ ಬಂದು, ಹೊರೆ ಇಳಿಸಿ, ಎರಡು ಕಪ್ ಚಹಾ ಕುಡಿದು, ಸವಣೂರು ಖಾರ ಎಂಬ ಕುರುಕಲಿನ ಪೊಟ್ಟಣ ಬಿಚ್ಚಿ ನನ್ನ ಮುಂದಿಟ್ಟು, ನನ್ನ ಅಡುಗೆ, ನನ್ನ ಮೊಣಕಾಲು, ನನ್ನ ಸಮುದ್ರ ಎಲ್ಲದಕ್ಕೂ ಒಂದೊಂದು ಹೆಸರಿಟ್ಟು ಹೋಗುತ್ತಿದ್ದಳು. "ಶಕ್ಕೂ, ನಿನ್ನ ಪುಸ್ತಕದಾಗ ಹುಲ್ಲು ಐತೇನ? ಬರೇ ನೀರಽ ಐತಿ" ಎನ್ನುವಳು. ಊರಿಗೆಲ್ಲ ನಾನು ಶಕುಂತಲಾ ಅಕ್ಕಾರು, ಅವಳಿಗೊಬ್ಬಳಿಗೆ ಶಕ್ಕು. ಅವಳ ಬಾಯಿಂದ ಬೈಸಿಕೊಳ್ಳದ ವಾರ ನನಗೆ ವಾರವೇ ಅಲ್ಲ.

ಈಗ ಆ ವರ್ಷದ ವಿಷಯ. ಹೇಳಲು ಮನಸ್ಸಿಲ್ಲ, ಆದರೆ ಇಷ್ಟು ದೂರ ಬಂದಿದ್ದೇನೆ.

ಕೆಲವು ವರ್ಷದ ಹಿಂದೆ ಪೆರುವಿನ ಸಮುದ್ರ ಬಿಸಿಯಾಗಿದೆ ಎಂದು ಪೇಪರಿನಲ್ಲಿ ಬಂದಿತ್ತು. ನಾನು ಯುಗಾದಿಯಿಂದಲೇ ಎಲ್ಲರಿಗೂ ಹೇಳುತ್ತ ಬಂದಿದ್ದೆ, ಈ ಸಲ ಮಳೆ ಕಡಿಮೆ ಎಂದು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಆ ವರ್ಷ ರೋಹಿಣಿಯೂ ಇಲ್ಲ, ಮಿರಗದ ಮಳೆಯೂ ಇಲ್ಲ. ಪಂಚಮಿಗೆ ತವರಿಗೆ ಹೋದೆ. ನಮ್ಮಲ್ಲಿ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು, ವಯಸ್ಸು ಅರವತ್ತಾದರೂ ಸರಿ. ಜೋಕಾಲಿ ಕಟ್ಟುವುದು ಹೇಗೆ, ಗಿಡಗಳೇ ಬಾಡಿದ್ದವು. ಬಿಸಿಲು ಬೇಸಿಗೆಯಷ್ಟೇ ಉರಿಯುತ್ತಿತ್ತು. ಎಳ್ಳುಂಡಿ ತಿಂದು ನೀರು ಕುಡಿದು ಒಳಗೇ ಕುಳಿತೆವು.

ಮರುದಿನ ತಮ್ಮ ಈರಣ್ಣ ಬಂದು, "ಅಕ್ಕಾ, ಸ್ವಲ್ಪ ಗಾಯರಾಣಕ್ಕ ಬಾ, ತಾಲೂಕ ಕಚೇರಿ ಸಾಹೇಬ್ರು ಬಂದಾರ, ಒಂದು ಸಹಿ ಬೇಕಾಗೈತಿ" ಎಂದ. ಊರಿಗೆ ಮೆಕ್ಕೆಜೋಳದ ಗೋದಾಮು ಕಟ್ಟುವುದಿತ್ತು. ಗಾಯರಾಣದಲ್ಲಿ ಜಾಗ ಕೇಳಿದ್ದರು. ಆ ಜಾಗ ಹೇಗಿದೆ ಎಂದು ನೋಡಿ ಪಂಚನಾಮೆ ಬರೆಯಬೇಕು, ಪಂಚರಾಗಿ ಊರಿನ ಇಬ್ಬರು ದೊಡ್ಡ ಮನುಷ್ಯರು ಸಹಿ ಹಾಕಬೇಕು. ದೊಡ್ಡ ಮನುಷ್ಯರು ಎಂದ ಕೂಡಲೇ ನಾನು ಸೆರಗು ಸರಿಮಾಡಿಕೊಂಡು ಹೊರಟೆ. ಗೋದಾಮು ಆದರೆ ಒಳ್ಳೆಯದೇ ಎಂದೂ ಅನ್ನಿಸಿತ್ತು. ಈರಣ್ಣನ ಮೆಕ್ಕೆಜೋಳ ವರ್ಷವರ್ಷ ರಸ್ತೆಯ ಮೇಲೆ ನೆನೆಯುವುದನ್ನು ನಾನೂ ನೋಡಿದ್ದೆ.

ಗಾಯರಾಣ ನಿಜವಾಗಿಯೂ ಬೋಳಾಗಿತ್ತು. ಮೊಣಕಾಲುದ್ದ ಹಸಿರು ಇರಬೇಕಾದ ಹೊತ್ತಿಗೆ ಬೂದು ಬಣ್ಣದ ಮೋಟುಗಳು, ನಡುನಡುವೆ ಮುಳ್ಳಿನ ಗಿಡ, ಕಾಲಿಟ್ಟರೆ ಗರಸಿನ ಸಪ್ಪಳ. ಆಚೆ ಬದಿಗೆ ಫಕ್ಕೀರವ್ವ ತನ್ನ ಎರಡು ಆಡು ಹಿಡಿದುಕೊಂಡು ನಿಂತಿದ್ದಳು. ನನ್ನನ್ನು ನೋಡಿ ಕೈ ಮಾಡಿ ಕೂಗಿದಳು: "ಶಕ್ಕೂ, ಸಹಿ ಮಾಡೂಕಿಂತ ಮೊದಲ ಇಲ್ಲಿ ಬಾ, ಇಲ್ಲಿ ಬಂದು ನೋಡು!" ನಡುವೆ ಇಪ್ಪತ್ತು ಹೆಜ್ಜೆ ಇರಬಹುದು. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು, ಮೊಣಕಾಲು ನೋಯುತ್ತಿತ್ತು, ಹನ್ನೆರಡೂವರೆಯ ಬಸ್ಸು ತಪ್ಪಿದರೆ ಮತ್ತೆ ಸಂಜೆಯವರೆಗೆ ಇಲ್ಲ. "ಆಮ್ಯಾಲೆ ಬರ್ತೇನಿ, ತಡಿಯವ್ವಾ" ಎಂದೆ. ಸಾಹೇಬರು ಕೊಟ್ಟ ಕಾಗದ ಓದಿದೆ. "ಸದರಿ ಜಾಗದಲ್ಲಿ ಯಾವುದೇ ಹುಲ್ಲು, ಗಿಡಗಂಟಿ ಇರುವುದಿಲ್ಲ. ಸದರಿ ಜಾಗವು ಬರಡು ಇದ್ದು, ಯಾರ ಉಪಯೋಗಕ್ಕೂ ಬರುತ್ತಿರುವುದಿಲ್ಲ" ಎಂದಿತ್ತು. ಅದರಲ್ಲಿ ಒಂದು ಕಡೆ ಕಾಗುಣಿತ ತಪ್ಪಿತ್ತು. ಪೆನ್ನು ತೆಗೆದು ಅದನ್ನು ತಿದ್ದಿದೆ, ಸಾಹೇಬರು ಮೆಚ್ಚಿ ತಲೆದೂಗಿದರು, ಸಹಿ ಹಾಕಿದೆ, ಬಸ್ಸು ಹಿಡಿದೆ.

ನೀವೇ ಹೇಳಿ, ಇಂಥ ಮೂರ್ಖಳನ್ನು ಎಲ್ಲಾದರೂ ಕಂಡಿದ್ದೀರಾ? ಸಮುದ್ರ ಬಿಸಿಯಾದ ವರ್ಷ ಹುಲ್ಲು ಕಾಣುವುದಿಲ್ಲ, ಆದರೆ ಸಾಯುವುದಿಲ್ಲ. ಬುಡ ನೆಲದಲ್ಲಿರುತ್ತದೆ, ಬೀಜ ಮಣ್ಣಿನಲ್ಲಿರುತ್ತದೆ, ನೀರು ತಣ್ಣಗಾಗಿ ಮಳೆ ತಿರುಗಿದ ವರ್ಷ ಎದ್ದು ಬರುತ್ತದೆ ಎಂದು ಮೂವತ್ತು ವರ್ಷ ಬೆರಳು ಸವೆಯುವಂತೆ ಹೇಳಿದವಳು ನಾನು. ಅದನ್ನು ಬರೆಯದ ಮಕ್ಕಳಿಗೆ ಕೆಂಪು ಮಸಿಯಲ್ಲಿ ಸೊನ್ನೆ ಹಾಕಿದವಳು ನಾನು. ಎಲ್ ನಿನೋ ವರ್ಷದ ಪಂಚಮಿಯ ಮರುದಿನ ಬೋಳು ನೆಲ ನೋಡಿ ಬರಡು ಎಂದು ಸಹಿ ಹಾಕಿದವಳೂ ನಾನೇ. ಶಾಸ್ತ್ರ ಹೇಳೋದು, ಬದನೆಕಾಯಿ ತಿನ್ನೋದು. ಇನ್ನು ಯಾರ ಉಪಯೋಗಕ್ಕೂ ಬರುವುದಿಲ್ಲ ಎಂಬ ಮಾತಿಗೆ ಸಮುದ್ರದ ನೆಪವೂ ಇಲ್ಲ. ಅದನ್ನು ಉಪಯೋಗಿಸುವವಳು ಇಪ್ಪತ್ತು ಹೆಜ್ಜೆ ಆಚೆ ನಿಂತು ನನ್ನ ಹೆಸರು ಹಿಡಿದು ಕೂಗುತ್ತಿದ್ದಳು.

ಇದೆಲ್ಲ ಹೊಳೆದದ್ದು ದುಂಡಸಿ ದಾಟಿದ ಮೇಲೆ, ಬಸ್ಸಿನಲ್ಲಿ. ಇಳಿದು ವಾಪಸು ಹೋಗಲಿಲ್ಲ. ಮುಂದಿನ ಸಂತೆಗೆ ಬರುತ್ತಾಳಲ್ಲ, ಆಗ ಹೇಳಿದರಾಯಿತು ಎಂದುಕೊಂಡೆ.

ಮುಂದಿನ ಸಂತೆಗೆ ಅವಳು ಮನೆಗೆ ಬರಲಿಲ್ಲ. ಅದರ ಮುಂದಿನ ಸಂತೆಗೂ ಬರಲಿಲ್ಲ. ಮೂರನೆಯದಕ್ಕೆ ನಾನೇ ಹುಡುಕಿಕೊಂಡು ಹೋದೆ. ಮಸೀದಿಯ ಗೋಡೆಯ ನೆರಳಿನಲ್ಲಿ ಹಿಂದಿನ ವರ್ಷ ಉಳಿದ ನಾಲ್ಕಾರು ಕಸಬರಿಗೆ ಇಟ್ಟುಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. "ಬರ್ರಿ ಅಕ್ಕಾರ, ಆರಾಮ ಅದೀರಿ?" ಎಂದಳು. ಯಾರಾದರೂ ಕೆನ್ನೆಗೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಏನೋ ತೊದಲಿದೆ. "ನೀವು ಕಲಿತಾವ್ರು, ನೋಡಿಽ ಬರದಿರತೀರಿ" ಎಂದು ಪಕ್ಕದ ಗಿರಾಕಿಯ ಕಡೆ ತಿರುಗಿದಳು. ಆ ವರ್ಷ ಹಂಚಿಕಡ್ಡಿ ಕೊಯ್ಯುವಷ್ಟು ಬರಲೇ ಇಲ್ಲ. ಅವಳು ಬೇರೆಯವರ ಹತ್ತಿ ಬಿಡಿಸಲು ಹೋದಳೆಂದು ಈರಣ್ಣ ಹೇಳಿದ. ನಾನು ಪ್ಲಾಸ್ಟಿಕ್ಕಿನ ಕಸಬರಿಗೆ ಕೊಂಡೆ. ಅದು ಕಸವನ್ನು ಈ ಮೂಲೆಯಿಂದ ಆ ಮೂಲೆಗೆ ಸುತ್ತಾಡಿಸಿತೇ ಹೊರತು ಹೊರಗೆ ಹಾಕಲಿಲ್ಲ.

ಮರುವರ್ಷ ಮಳೆ ಬಂತು. ಹೇಗೆ ಬಂತೆಂದರೆ, ಖಾದರಸಾಬರು, "ಈಗ ಸಾಕು ಅಂತ ನಿಮ್ಮ ಸಮುದ್ರಕ್ಕ ಹೇಳ್ರಿ" ಎಂದು ಗೋಡೆಯಾಚೆಯಿಂದ ಕೂಗುವಷ್ಟು. ನಾನು ಭೂಗೋಳದ ಪೆಸಿಫಿಕ್ಕನ್ನು ನೋಡಿ ಹಲ್ಲು ಕಡಿದೆ. ಒಂದು ವರ್ಷ ಮೊದಲೇ ತಣ್ಣಗಾಗಲು ನಿನಗೇನು ಧಾಡಿಯಾಗಿತ್ತು? ದೀಪಾವಳಿಗೆ ಊರಿಗೆ ಹೋದಾಗ ನೇರ ಗಾಯರಾಣಕ್ಕೆ ನಡೆದೆ. ಬೋಳು ಏರಿನ ಮೇಲೆ ಹುಲ್ಲು ಸೊಂಟಮಟ್ಟ ನಿಂತಿತ್ತು, ತುದಿಯ ತೆನೆಗೆ ಬಿಸಿಲು ಬಿದ್ದು ಇಡೀ ಬಯಲು ಕಂದು ಬಣ್ಣದಲ್ಲಿ ತೂಗುತ್ತಿತ್ತು. ಸೀರೆಯ ಅಂಚಿನ ತುಂಬ ಬೀಜ ಚುಚ್ಚಿಕೊಂಡವು. ಕೀಳಲು ಅವ್ವ ಇಲ್ಲ, ಗುದ್ದಲೂ ಇಲ್ಲ. ಅಲ್ಲೇ ನಿಂತು ಅತ್ತೆ. ನಡುವೆ ಸುಣ್ಣ ಬಳಿದ ನಾಲ್ಕು ಗಡಿಕಲ್ಲು ಹುಲ್ಲಿನಲ್ಲಿ ಮುಳುಗಿದ್ದವು. ಗೋದಾಮಿಗೆ ಗುರುತು ಹಾಕಿದ ಕಲ್ಲು.

ಅಂದೇ ಈರಣ್ಣನ ಜೊತೆ ಜಗಳವಾಯಿತು. "ಗೋದಾಮು ಬ್ಯಾಡಂತ ನಾ ಅನ್ನಂಗಿಲ್ಲ, ಬಸ್‌ಸ್ಟ್ಯಾಂಡ್ ಬಾಜೂ ಜಾಗ ಇಲ್ಲೇನ?" ಎಂದೆ. "ಅಕ್ಕಾ, ನೀನಽ ಸಹಿ ಮಾಡಿ, ಈಗ ನೀನಽ ಬ್ಯಾಡ ಅಂದ್ರ ಊರ ಮಂದಿ ನನ್ನ ಮಾರಿಗೆ ಏನಂತಾರ?" ಎಂದು ಅವನು ತಟ್ಟೆ ಬಿಟ್ಟು ಎದ್ದ. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ನಾನು ಅರ್ಜಿ ಬರೆದೆ, ಆಡು ಕುರಿ ಇದ್ದವರ ಸಹಿ ಹಾಕಿಸಿದೆ, ಜಾಗವನ್ನು ಮತ್ತೊಮ್ಮೆ ನೋಡಬೇಕೆಂದು ಕಚೇರಿಯ ಮೆಟ್ಟಿಲು ಹತ್ತಿ ಇಳಿದೆ. ಮೊಣಕಾಲಿನ ಸುದ್ದಿ ಕೇಳಬೇಡಿ.

ಕೊನೆಗೆ ಬೇರೊಬ್ಬ ಸಾಹೇಬರು ಬಂದರು, ಸಣ್ಣ ವಯಸ್ಸಿನವರು. ಹುಲ್ಲಿನ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕುಳಿತು ಹಳೆಯ ಕಾಗದ ತೆಗೆದರು.

"ಇದು ನಿಮ್ಮ ಸಹಿ ಹೌದಲ್ರಿ, ಅಕ್ಕಾರ?"

"ಹೌದ್ರಿ."

"ಇದರಾಗ ಹುಲ್ಲಿಲ್ಲ ಅಂತೀರಿ. ಅರ್ಜಿದಾಗ ಹುಲ್ಲೈತಿ ಅಂತೀರಿ. ಯಾವುದು ಸುಳ್ಳ್ರಿ?"

ನಾನು ಎಂದಿನಂತೆ ಶುರುಮಾಡಿದೆ. ಪೆಸಿಫಿಕ್, ಬಿಸಿನೀರು, ಗಾಳಿ, ಪೆರು. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಹೇಳಿದರು, "ಎಲ್ಲಾ ಖರೇ ಇರಬಹುದ್ರಿ. ಆದ್ರ ಸಹಿ ಮಾಡಿದ್ದು ಸಮುದ್ರ ಅಲ್ಲ. ಸಮುದ್ರಕ್ಕ ನೋಟಿಸು ಕೊಡಾಕ ನನಗ ಬರಂಗಿಲ್ಲ. ನಿಮ್ಮ ತಪ್ಪಾಗಿದ್ರ ನಿಮ್ಮ ಕೈಯಾಗ ಬರದು ಕೊಡ್ರಿ."

ಮೂವತ್ತು ವರ್ಷದಲ್ಲಿ ನನಗೆ ಯಾರೂ ಇಷ್ಟು ಸರಿಯಾಗಿ ಪಾಠ ಹೇಳಿರಲಿಲ್ಲ. ನೆಲದ ಮೇಲೆ ಕುಳಿತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆದೆ. ನಾನು ಹಿಂದೆ ಕೊಟ್ಟ ಹೇಳಿಕೆ ತಪ್ಪು. ಮಳೆಯಿಲ್ಲದ ವರ್ಷದಲ್ಲಿ ಸರಿಯಾಗಿ ನೋಡದೆ ಸಹಿ ಹಾಕಿದ್ದೇನೆ. ಇಂದು ಈ ಜಾಗದಲ್ಲಿ ಹಂಚಿಕಡ್ಡಿ ಮತ್ತು ಇತರ ಹುಲ್ಲು ಸೊಂಟಮಟ್ಟ ಇದೆ. ಇದನ್ನು ಕೊಯ್ದು ಕಸಬರಿಗೆ ಕಟ್ಟಿ ಬಾಳುವವರು ಇದ್ದಾರೆ. ಬರೆದು ಮುಗಿಸಿದಾಗ ಹಗುರವೆನ್ನಿಸಿತು. ಸತ್ಯ ಹೇಳಬೇಕೆಂದರೆ, ಚೆನ್ನಾಗಿ ಬರೆದಿದ್ದೇನೆ ಎಂದೂ ಅನ್ನಿಸಿತು.

ಹೇಳಿಕೆಗೆ ಹುಲ್ಲು ಕೊಯ್ಯುವವರ ಹೆಬ್ಬೆಟ್ಟೂ ಬೇಕು ಎಂದರು ಸಾಹೇಬರು. ಫಕ್ಕೀರವ್ವ ಕುಡುಗೋಲು ಹಿಡಿದುಕೊಂಡೇ ಬಂದಳು. ನನ್ನ ಕಡೆ ನೋಡಲಿಲ್ಲ. "ಏನ ಬರದಾರ, ಓದಿ ಹೇಳ್ರಿ" ಎಂದು ಸಾಹೇಬರಿಗೆ ಹೇಳಿದಳು. ಅವರು ಓದಿದರು. ಅವಳು ಪೂರ್ತಿ ಕೇಳಿದಳು, ಹೆಬ್ಬೆಟ್ಟು ಮಾತ್ರ ಮುಂದೆ ಮಾಡಲಿಲ್ಲ.

"ಯಾಕವ್ವಾ, ಸರಿ ಇಲ್ಲೇನು?" ಎಂದರು ಸಾಹೇಬರು.

"ಸರಿ ಐತ್ರಿ. ಆದ್ರ ಮುಖ್ಯದ್ದಽ ಬಿಟ್ಟಾಳ್ರಿ."

"ಏನದು?"

"ಹುಲ್ಲು ಬರಲಾರದ ವರ್ಸ ಮತ್ತ ಬರತೈತ್ರಿ. ಎರಡು ವರ್ಸಕ್ಕೋ, ಐದು ವರ್ಸಕ್ಕೋ, ಬಂದಽ ಬರತೈತಿ. ನಮ್ಮವ್ವನ ಕಾಲಕ್ಕೂ ಬರತಿತ್ತು. ಆವಾಗ ನೀವು ಇರಂಗಿಲ್ಲ, ನಿಮ್ಮ ಜಾಗದಾಗ ಇನ್ನೊಬ್ಬ ಸಾಹೇಬ್ರು ಬಂದು, ನೆಲಾ ನೋಡಿ, ಇಲ್ಲಿ ಏನೂ ಇಲ್ಲ ಅಂತ ಬರಕೊಂಡು ಹೋಗ್ತಾರ. ಹಂಗ ಬರೀಬಾರದು ಅಂತ ಅದರಾಗ ಹಾಕ್ರಿ."

ಸಾಹೇಬರು ನಕ್ಕರು. "ಮುಂದಿನದು ಪಂಚನಾಮೆದಾಗ ಬರಂಗಿಲ್ಲವ್ವಾ. ಇವತ್ತು ಕಣ್ಣಿಗೆ ಕಂಡದ್ದಷ್ಟಽ ಬರೀಬೇಕು."

"ಅವತ್ತೂ ಹಂಗಽ ಮಾಡಿದ್ರಿ," ಎಂದಳು ಫಕ್ಕೀರವ್ವ. "ಅವತ್ತು ಕಂಡದ್ದಷ್ಟಽ ಬರದ್ರಿ."

ಸಾಹೇಬರು ನಗು ನಿಲ್ಲಿಸಿದರು. ಆ ಕಾಗದ ಈಗಲೂ ಮೇಲಿನ ಕಚೇರಿಯಲ್ಲೆಲ್ಲೋ ಇದೆ, ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಗೋದಾಮಿನ ಕೆಲಸ ಸದ್ಯಕ್ಕೆ ನಿಂತಿದೆ. ಅಂದು ಸಾಹೇಬರು ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ, ಕಾಗದವನ್ನು ಮೆಲ್ಲಗೆ ನನ್ನ ಕಡೆ ಚಾಚಿದರು. ಫಕ್ಕೀರವ್ವ ಒಂದೊಂದೇ ಮಾತು ಮತ್ತೆ ಹೇಳಿದಳು. ನಾನು ಒಂದಕ್ಷರವೂ ತಿದ್ದದೆ, ಶಾಲೆಯ ಹುಡುಗಿಯ ಹಾಗೆ, ಅವಳು ಹೇಳಿದಂತೆ ಬರೆದುಕೊಂಡೆ. ಅವಳು ಹೆಬ್ಬೆಟ್ಟು ಒತ್ತಿದಳು. ಕೆಳಗೆ, ಸಾಕ್ಷಿ ಎಂದಿದ್ದ ಕಡೆ, ನಾನು ಸಹಿ ಹಾಕಿದೆ.